ಕುಂಬು ಕೊರಡಿನ ಮೇಲೊಂದು ಕಣ್ಣು: ದಾಂಡೇಲಿ ಮಳೆಯಲ್ಲಿ ಲೋಳೆಬೂಷ್ಟುಗಳ ಛಾಯಾಗ್ರಹಣ

ದಾಂಡೇಲಿಗೆ ಕ್ಯಾಮೆರಾ ಹೊತ್ತು ಬರುವವರ ಕಣ್ಣು ಸಾಮಾನ್ಯವಾಗಿ ಮರದ ತುದಿಯಲ್ಲೇ ಇರುತ್ತದೆ. ಮಂಗಟ್ಟೆ ಎಲ್ಲಿ ಕೂತಿದೆ, ಕೆಂದಳಿಲು ಯಾವ ಟೊಂಗೆಗೆ ಹಾರಿತು ಎಂದು ಕತ್ತು ಮೇಲೆತ್ತಿಕೊಂಡೇ ತಿರುಗುತ್ತಾರೆ. ಮಿರಗದ ಮಳೆ ಹಿಡಿಯಿತೆಂದರೆ ಕ್ಯಾಮೆರಾ ಕಪಾಟು ಸೇರುತ್ತದೆ. ಆದರೆ ಕಾಳಿ ನದಿಯ ಕಣಿವೆಯಲ್ಲಿ ನೋಡಲೇಬೇಕಾದ ಕೆಲವು ಜೀವಿಗಳು ಹೊರಗೆ ಬರುವುದು ಆಗಲೇ. ಅವು ಇರುವುದು ಮೊಣಕಾಲಿಗಿಂತ ಕೆಳಗೆ, ಬಿದ್ದು ಕುಂಬಾದ ಮರದ ಮೇಲೆ. ಎತ್ತರ ಒಂದೆರಡು ಮಿಲಿಮೀಟರು. ಬಣ್ಣ ಹಳದಿ, ಗುಲಾಬಿ, ಹವಳಗೆಂಪು, ಹಾಲುಬಿಳಿ, ಕೆಲವೊಮ್ಮೆ ಎಣ್ಣೆ ತೇಲಿದ ನೀರಿನ ಮೇಲೆ ಕಾಣುವ ನೀಲಿ ನೇರಳೆ. ಇವು ಲೋಳೆಬೂಷ್ಟುಗಳು. ಇವುಗಳ ಫೋಟೊ ತೆಗೆಯಲು ದುಬಾರಿ ಸಾಮಾನು ಬೇಕಿಲ್ಲ, ದಟ್ಟ ಕಾಡಿಗೂ ಹೋಗಬೇಕಿಲ್ಲ. ಒಂದೇ ಕೊರಡಿನ ಹತ್ತಿರ ಮತ್ತೆ ಮತ್ತೆ ಹೋಗುವ ಅಭ್ಯಾಸ ಬೇಕು. ಉಳಿದದ್ದೆಲ್ಲ ಅದರ ನಂತರ.

ಹಾಗೆ ಮತ್ತೆ ಮತ್ತೆ ಏಕೆ ಹೋಗಬೇಕು ಎಂದು ತಿಳಿಯಲು ಇವುಗಳ ಬದುಕನ್ನು ಸ್ವಲ್ಪ ಅರಿಯಬೇಕು. ವಿಜ್ಞಾನಿಗಳು ಮಿಕ್ಸೊಮೈಸೀಟ್ಸ್ ಎಂದು ಕರೆಯುವ ಇವು ಅಣಬೆಗಳ ಬಳಗದವಲ್ಲ, ಅಮೀಬಾಗಳ ಬಳಗದವು. ಜರ್ಮನಿಯ ಸಸ್ಯವಿಜ್ಞಾನಿ ಆಂಟನ್ ಡಿ ಬ್ಯಾರಿ 1850ರ ದಶಕದ ಕೊನೆಯಲ್ಲೇ ಇದನ್ನು ಗುರುತಿಸಿ, ಇವು ಪ್ರಾಣಿಗಳ ಕಡೆಗೆ ವಾಲುವ ಜೀವಿಗಳು ಎಂದಿದ್ದ. ಜಗತ್ತಿನಲ್ಲಿ ಈವರೆಗೆ ಸುಮಾರು ಸಾವಿರ ಜಾತಿಗಳು ದಾಖಲಾಗಿವೆ. ಬೀಜಕ ಒಡೆದಾಗ ಕಣ್ಣಿಗೆ ಕಾಣದ ಒಂಟಿ ಕೋಶ ಹೊರಬರುತ್ತದೆ. ಅದು ಬ್ಯಾಕ್ಟೀರಿಯಾಗಳನ್ನು ತಿಂದು ಬೆಳೆಯುತ್ತದೆ. ಹೊಂದುವ ಎರಡು ಕೋಶಗಳು ಕೂಡಿದ ಮೇಲೆ ಅದರೊಳಗಿನ ಕೋಶಕೇಂದ್ರ ಮಾತ್ರ ಒಂದು ಎರಡಾಗಿ, ಎರಡು ನಾಲ್ಕಾಗಿ ಹೆಚ್ಚುತ್ತಾ ಹೋಗುತ್ತದೆ. ನಡುವೆ ಗೋಡೆಗಳಿಲ್ಲ. ಹೀಗೆ ಬೆಳೆದ, ಸಾವಿರಾರು ಕೋಶಕೇಂದ್ರಗಳಿರುವ ಒಂದೇ ಲೋಳೆಯ ಹರವಿಗೆ ಪ್ಲಾಸ್ಮೋಡಿಯಂ ಎನ್ನುತ್ತಾರೆ. ಅದು ನಿಧಾನವಾಗಿ ಹರಿದಾಡುತ್ತದೆ, ದಾರಿಯಲ್ಲಿ ಸಿಕ್ಕ ಬ್ಯಾಕ್ಟೀರಿಯಾ, ಯೀಸ್ಟು, ಶಿಲೀಂಧ್ರಗಳ ಬೀಜಕಗಳನ್ನು ನುಂಗುತ್ತದೆ. ಹೊಟ್ಟೆ ತುಂಬಿದ ಮೇಲೆ, ಇಲ್ಲವೇ ತಿನ್ನಲು ಏನೂ ಸಿಗದಾದಾಗ, ಕತ್ತಲೆಯ ಸೀಳಿನಿಂದ ಮೇಲ್ಮೈಗೆ ಬಂದು ಒಂದೆರಡು ದಿನದೊಳಗೆ ಇಡೀ ದೇಹವನ್ನೇ ಬೀಜಕದ ಕಾಯಿಗಳಾಗಿ ಮಾರ್ಪಡಿಸಿಕೊಳ್ಳುತ್ತದೆ. ನಾವು ಫೋಟೊ ತೆಗೆಯುವುದು ಬಹುಪಾಲು ಈ ಕಾಯಿಗಳನ್ನು.

ಮಿದುಳಿಲ್ಲದ ಈ ಲೋಳೆಯ ಜಾಣತನ ದೊಡ್ಡ ಸುದ್ದಿಯಾಗಿದೆ. ಜಪಾನಿನ ತೊಶಿಯುಕಿ ನಕಗಾಕಿ ಮತ್ತು ಸಂಗಡಿಗರು 2000ದಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಒಂದು ಪ್ರಯೋಗದ ವರದಿ ಪ್ರಕಟಿಸಿದರು. ಫೈಸೇರಮ್ ಪಾಲಿಸೆಫಾಲಮ್ ಎಂಬ ಹಳದಿ ಲೋಳೆ, ಚಕ್ರವ್ಯೂಹದ ಎರಡು ತುದಿಗಳಲ್ಲಿಟ್ಟ ಓಟ್ಸ್ ನಡುವೆ ಅತಿ ಹತ್ತಿರದ ದಾರಿಯನ್ನು ಕಂಡುಕೊಂಡಿತ್ತು. 2010ರಲ್ಲಿ ‘ಸೈನ್ಸ್’ನಲ್ಲಿ ಇನ್ನೊಂದು ವರದಿ ಬಂತು. ಟೋಕಿಯೊ ಸುತ್ತಲಿನ ಊರುಗಳಿರುವ ಕಡೆ ಓಟ್ಸ್ ಕಾಳು ಇಟ್ಟರೆ, ಲೋಳೆ ಅಲ್ಲಿನ ರೈಲುಜಾಲವನ್ನು ಹೋಲುವ ಜಾಲವನ್ನೇ ಹೆಣೆದಿತ್ತು. ಕುಳಗಿಯ ದಾರಿಬದಿಯ ಕೊರಡಿನ ಮೇಲೆ ಹಳದಿ ನರಗಳ ಬೀಸಣಿಗೆಯೊಂದು ಹರಡಿದ್ದು ಕಂಡರೆ ನೀವು ನೋಡುತ್ತಿರುವುದು ಇದೇ ಬಳಗದ ಜೀವಿಯನ್ನು. ಹತ್ತು ಪಟ್ಟು ಹಿಗ್ಗಿಸುವ ಕೈಮಸೂರವಿದ್ದರೆ ಅದರ ನರದೊಳಗೆ ದ್ರವ ಒಂದು ಕಡೆ ಹರಿದು, ನಿಂತು, ನಿಮಿಷದ ಆಸುಪಾಸಿನಲ್ಲಿ ಹಿಮ್ಮುಖವಾಗಿ ಹರಿಯುವುದನ್ನೂ ಕಾಣಬಹುದು.

ಎಲ್ಲಿ ಹುಡುಕಬೇಕು

ಕಾಳಿ ಹುಲಿ ಸಂರಕ್ಷಿತ ಪ್ರದೇಶದೊಳಗೆ ಬಿದ್ದ ಮರಗಳಿಗೆ ಕೊರತೆಯಿಲ್ಲ. ದಾಂಡೇಲಿ ಅಭಯಾರಣ್ಯ ಮತ್ತು ಅಣಶಿ ರಾಷ್ಟ್ರೀಯ ಉದ್ಯಾನ ಸೇರಿ 2007ರಲ್ಲಿ ಹುಲಿ ಸಂರಕ್ಷಿತ ಪ್ರದೇಶವಾಯಿತು, 2015ರಲ್ಲಿ ಕಾಳಿಯ ಹೆಸರು ಪಡೆಯಿತು. ಅಲ್ಲಿ ಮನಸ್ಸು ಬಂದಂತೆ ಕಾಲ್ನಡಿಗೆಯಲ್ಲಿ ಒಳನುಗ್ಗುವಂತಿಲ್ಲ. ಸಫಾರಿ ಜೀಪಿನಿಂದ ಇಳಿಯುವಂತೆಯೂ ಇಲ್ಲ. ಆದ್ದರಿಂದ ಸಫಾರಿಯಿಂದ ಈ ಕೆಲಸಕ್ಕೆ ಏನೂ ಪ್ರಯೋಜನವಿಲ್ಲ. ಕುಳಗಿಯ ಪ್ರಕೃತಿ ಶಿಬಿರದಂಥ ಕಡೆ ಉಳಿದು, ಇಲಾಖೆಯ ಒಪ್ಪಿಗೆ ಪಡೆದು, ಮಾರ್ಗದರ್ಶಿಯ ಜೊತೆ ಅವರು ತೋರಿಸಿದ ಹಾದಿಯಲ್ಲಿ ನಡೆಯಬಹುದು. ಹೊರಡುವ ಮೊದಲೇ ಮಾರ್ಗದರ್ಶಿಗೆ ನಿಮ್ಮ ಉದ್ದೇಶ ಹೇಳಿಬಿಡಿ. ಒಂದು ಕೊರಡಿನ ಮುಂದೆ ಗಂಟೆಗಟ್ಟಲೆ ಕೂರುವ ಪ್ರವಾಸಿಯನ್ನು ಅವರು ಹೆಚ್ಚು ಕಂಡಿರುವುದಿಲ್ಲ.

ನನ್ನ ಮಟ್ಟಿಗೆ ಇದಕ್ಕಿಂತ ಒಳ್ಳೆಯ ಜಾಗಗಳು ಊರಿನೊಳಗೇ ಇವೆ. 1955ರಲ್ಲಿ ಶುರುವಾದ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಜೊತೆಗೆ ಬೆಳೆದ ಬಂಗೂರನಗರದಲ್ಲಿ ಹಳೆಯ ನೆರಳಿನ ಮರಗಳಿವೆ. ಅವುಗಳ ಬುಡದ ಸತ್ತ ಬೇರು, ಕಡಿದ ಬೊಡ್ಡೆ, ಮೂಲೆಗೆ ಒಟ್ಟಿದ ಟೊಂಗೆಗಳನ್ನು ನೋಡಿ. ಜೋಯಿಡಾ ಕಡೆಯ ಗುಂದ, ಉಳವಿ, ಕುಂಬಾರವಾಡದ ಅಡಿಕೆ ತೋಟಗಳಲ್ಲಿ ಕಾಲುವೆಗೆ ಅಡ್ಡ ಹಾಕಿದ ಹಳೆಯ ಅಡಿಕೆ ದಬ್ಬೆ ಇರುತ್ತದೆ. ವರ್ಷಗಟ್ಟಲೆ ನೆನೆದು ಮೆತ್ತಗಾದ ಆ ದಬ್ಬೆಯ ಅಡಿಭಾಗವನ್ನು ಲೋಳೆಬೂಷ್ಟುಗಳು ಬಹಳ ಇಷ್ಟಪಡುತ್ತವೆ. ಬಚ್ಚಲೊಲೆಗೆಂದು ಒಟ್ಟಿದ ಕಟ್ಟಿಗೆ ರಾಶಿಯ ಕೆಳಗಿನ ಸಾಲು, ಗೊಬ್ಬರಗುಂಡಿಯ ಅಂಚು, ಬೇಲಿಗೂಟದ ನೆಲಕ್ಕೆ ತಾಗಿದ ಭಾಗವೂ ಅಷ್ಟೇ ಒಳ್ಳೆಯವು. ಹಳಿಯಾಳ, ಮುಂಡಗೋಡದ ಕಡೆ ಕಾಡು ಒಣಗಿದ್ದು, ಮಳೆಯೂ ಕಡಿಮೆ. ಅಲ್ಲಿ ಹಳ್ಳದ ದಂಡೆ, ತೋಟದ ತಂಪು ಜಾಗಗಳಿಗೇ ಹೋಗಬೇಕು. ಕ್ಯಾಸಲ್‌ರಾಕ್ ಕಡೆಯ ಮಾತು ಬೇರೆ. ವರ್ಷಕ್ಕೆ 5000 ಮಿ.ಮೀ. ದಾಟುವ ಮಳೆಯಲ್ಲಿ ಜುಲೈ ತಿಂಗಳಿಡೀ ಎಲ್ಲವೂ ತೊಳೆದುಹೋಗಿರುತ್ತದೆ.

ಯಾವ ಮರ ಎಂಬುದೂ ಮುಖ್ಯ. ಸಾಗವಾನಿಯ ಚೇಗು ಬೇಗ ಕೊಳೆಯುವುದಿಲ್ಲ, ಆದ್ದರಿಂದ ಸಾಗವಾನಿ ನೆಡುತೋಪಿನಲ್ಲಿ ಹುಡುಕಾಟಕ್ಕೆ ಫಲ ಕಡಿಮೆ. ಬೂರುಗ, ಮಾವು, ಹಾಲವಾಣದಂಥ ಮೆದು ಮರಗಳು ಬಿದ್ದು ಒಂದೆರಡು ಮಳೆಗಾಲ ಕಳೆದಿದ್ದರೆ ಸಾಕು. ಮತ್ತಿ, ನಂದಿ, ಜಂಬೆಯ ದಿಮ್ಮಿಗಳು ಇನ್ನಷ್ಟು ವರ್ಷ ಕಾಯಿಸುತ್ತವೆ. ಉಗುರಿನಿಂದ ಒತ್ತಿದರೆ ಕುಳಿ ಬೀಳುವಷ್ಟು ಮೆತ್ತಗಿರುವ, ತೊಗಟೆ ಕಳಚಿ ಹಸಿ ಹಿಡಿದ, ಅಲ್ಲಲ್ಲಿ ಹಾವಸೆ ಕಟ್ಟಿದ ದಿಮ್ಮಿಯನ್ನು ಆರಿಸಿ. ಬಿದ್ದ ಬಿದಿರಿನ ಗಳುಗಳನ್ನೂ ಬಿಡಬೇಡಿ. ಮೊದಲು ದಿಮ್ಮಿಯ ಪಕ್ಕಗಳು, ಆಮೇಲೆ ನೆಲಕ್ಕೂ ಮರಕ್ಕೂ ನಡುವಿನ ನೆರಳು, ಕೊನೆಗೆ ಸುತ್ತಲಿನ ದರಕು. ನಿಂತು ನೋಡಿದರೆ ಏನೂ ಕಾಣದು. ಕುಕ್ಕರಗಾಲಿನಲ್ಲಿ ಕೂತು, ಟಾರ್ಚನ್ನು ಮರದ ಮೇಲ್ಮೈಗೆ ಸಮಾನಾಂತರವಾಗಿ ಹಿಡಿಯಿರಿ. ಓರೆ ಬೆಳಕಿಗೆ ಒಂದು ಮಿಲಿಮೀಟರಿನ ಕಾಯಿಗೂ ನೆರಳು ಬೀಳುತ್ತದೆ, ನೆರಳಿನ ಜಾಡು ಹಿಡಿದು ಕಾಯಿ ಸಿಗುತ್ತದೆ.

ಮಳೆಯ ಲೆಕ್ಕ

ಎಡೆಬಿಡದ ಮಳೆಯಲ್ಲಿ ಹೋಗಿ ಪ್ರಯೋಜನವಿಲ್ಲ. ಎಳೆಯ ಕಾಯಿಗಳು ಮಳೆಹನಿಯ ಪೆಟ್ಟಿಗೆ ಕದಡಿಹೋಗುತ್ತವೆ, ಉಳಿದವುಗಳ ಮೇಲೆ ನೀರಿನ ಪೊರೆ ಕೂತು ಫೋಟೊದಲ್ಲಿ ಹೊಳೆಯುವ ಗುಡ್ಡೆ ಮಾತ್ರ ಬರುತ್ತದೆ. ನಾಲ್ಕೈದು ದಿನ ಸುರಿದು ಒಂದೆರಡು ದಿನ ಹೊಳವು ಕೊಟ್ಟಾಗ ಹೊರಡಬೇಕು. ಪ್ಲಾಸ್ಮೋಡಿಯಂ ಮೇಲೆ ಬಂದು ಕಾಯಿಕಟ್ಟಲು ಕಾಯುವುದು ಇಂಥ ಹೊಳವಿಗೇ. ಮೇ ತಿಂಗಳ ಅಡ್ಡಮಳೆಯ ನಂತರದ ವಾರ ಒಂದು ಸಲ ಸುಗ್ಗಿ. ಪುನರ್ವಸು, ಪುಷ್ಯದ ಜಡಿಮಳೆ ಕಳೆದು ಮಘಾದಿಂದ ಉತ್ತರಾ ಮಳೆಯವರೆಗೆ, ಅಂದರೆ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಕೊನೆಯವರೆಗೆ, ಇನ್ನೊಂದು ಸಲ. ಈ ಎರಡನೆಯದೇ ಹೆಚ್ಚು ದೊಡ್ಡದು.

ಒಂದೇ ಕೊರಡಿಗೆ ಮತ್ತೆ ಮತ್ತೆ ಹೋಗಬೇಕೆಂದೆ. ಸ್ಟೆಮೊನಿಟಿಸ್ ಎಂಬ ಲೋಳೆಬೂಷ್ಟಿನ ಒಂದು ರಾತ್ರಿಯನ್ನು ನೋಡಿದರೆ ಅದರ ಅರ್ಥ ತಿಳಿಯುತ್ತದೆ. ಹೊಳವಿನ ದಿನ ಸಂಜೆ ಕೊರಡಿನ ಪಕ್ಕದಲ್ಲಿ ನಾಣ್ಯದಗಲದ ಬಿಳಿ ಗುಪ್ಪೆಯೊಂದು ಮೂಡಿರುತ್ತದೆ, ಮೇಲ್ಮೈ ನುಣುಪು. ಕತ್ತಲಾಗುವಾಗ ಅದು ಒತ್ತೊತ್ತಾದ ಬಿಳಿ ಮಣಿಗಳಾಗಿ ಒಡೆಯುತ್ತದೆ. ಪ್ರತಿ ಮಣಿಯೂ ತನ್ನೊಳಗೇ ಕಪ್ಪು ಕಡ್ಡಿಯೊಂದನ್ನು ಸ್ರವಿಸಿ, ಅದನ್ನೇ ಆಧಾರ ಮಾಡಿಕೊಂಡು ಮೇಲೇರುತ್ತದೆ. ಮಧ್ಯರಾತ್ರಿಯ ಹೊತ್ತಿಗೆ ಕೂದಲಿನಷ್ಟು ತೆಳುವಾದ ಕಪ್ಪು ಕಡ್ಡಿಗಳ ಮೇಲೆ ಒಂದು ಸೆಂಟಿಮೀಟರಿಗೂ ಎತ್ತರದ ಬಿಳಿ ಕಂಬಗಳು ಒತ್ತಾಗಿ ನಿಂತಿರುತ್ತವೆ. ಬೆಳಗಿನ ಜಾವ ಆ ಬಿಳಿಗೆ ನಸುಗುಲಾಬಿ ಬೆರೆಯುತ್ತದೆ, ಆಮೇಲೆ ಕಂದು ಏರುತ್ತದೆ. ಮಧ್ಯಾಹ್ನಕ್ಕೆ ಇಡೀ ಗೊಂಚಲು ಕಡುಗಂದು, ಊದಿದರೆ ಪುಡಿ ಹಾರುತ್ತದೆ. ಬೆಳಿಗ್ಗೆ ಒಮ್ಮೆ ಬಂದುಹೋದವರಿಗೆ ಕಂದು ಗೊಂಚಲು ಮಾತ್ರ ಸಿಗುತ್ತದೆ. ಹಿಂದಿನ ಸಂಜೆಯಿಂದ ಬಂದವರಿಗೆ ಅದೇ ಜೀವಿಯ ನಾಲ್ಕೈದು ಬೇರೆ ಬೇರೆ ರೂಪಗಳು ಸಿಗುತ್ತವೆ. ಹೀಗಾಗಿ ಮನೆಯಿಂದ ಹತ್ತು ನಿಮಿಷದಲ್ಲಿ ತಲುಪುವ ಕೊರಡು, ನೂರು ಕಿಲೋಮೀಟರ್ ದೂರದ ದಟ್ಟಕಾಡಿಗಿಂತ ಈ ಕೆಲಸಕ್ಕೆ ಮೇಲು. ಆಸ್ಟ್ರೇಲಿಯದ ಟಾಸ್ಮೇನಿಯಾದಲ್ಲಿ ಸಾರಾ ಲಾಯ್ಡ್ ಎಂಬ ನಿಸರ್ಗತಜ್ಞೆ ತಮ್ಮ ಮನೆ ಸುತ್ತಲಿನ ಕಾಡಿನಲ್ಲೇ ಲೋಳೆಬೂಷ್ಟುಗಳನ್ನು ಹುಡುಕಿ ಪುಸ್ತಕವನ್ನೇ ಬರೆದರು. ಅಲ್ವಿಸಿಯಾ ಲಾಯ್ಡಿಯೆ ಎಂಬ ಜಾತಿಗೆ ವಿಜ್ಞಾನಿಗಳು ಅವರ ಹೆಸರನ್ನೇ ಇಟ್ಟಿದ್ದಾರೆ.

ಕೊರಡನ್ನು ಗುರುತಿಟ್ಟುಕೊಳ್ಳಲು ಬಣ್ಣ ಬಳಿಯುವುದು, ಮೊಳೆ ಹೊಡೆಯುವುದು ಬೇಡ. ಸುತ್ತಲಿನ ನೋಟದ ಒಂದು ಮೊಬೈಲ್ ಫೋಟೊ ಸಾಕು.

ಯಾವ ಕ್ಯಾಮೆರಾ

ಮೊದಲು ಕೊಳ್ಳಬೇಕಾದದ್ದು ಕ್ಯಾಮೆರಾ ಅಲ್ಲ, ಹತ್ತು ಪಟ್ಟಿನ ಮಡಚುವ ಕೈಮಸೂರ. ಕಾಲೇಜಿನ ಪ್ರಯೋಗಾಲಯಕ್ಕೆ ಸಾಮಾನು ಮಾರುವ ಅಂಗಡಿಗಳಲ್ಲಿ ಕೆಲವು ನೂರು ರೂಪಾಯಿಗೆ ಸಿಗುತ್ತದೆ. ಯಾವ ಕಾಯಿ ಹಾಳಾಗಿಲ್ಲ, ಯಾವುದರ ಮೇಲೆ ಹುಳು ಹತ್ತಿಲ್ಲ, ಯಾವುದು ಇನ್ನೊಂದರ ಹಿಂದೆ ಮರೆಯಾಗಿಲ್ಲ ಎಂದು ಮಸೂರದಲ್ಲಿ ಮೊದಲೇ ನೋಡಿ ಆರಿಸಿದರೆ ಅರ್ಧ ಫೋಟೊ ಆದಂತೆ.

ಮೊಬೈಲಿನಲ್ಲಿ ತೆಗೆಯುವವರಿಗೆ ಒಂದು ಮಾತು. ಕಡಿಮೆ ಬೆಲೆಯ ಫೋನುಗಳಲ್ಲಿ ಮ್ಯಾಕ್ರೊ ಎಂದು ಬರೆದ ಎರಡು ಮೆಗಾಪಿಕ್ಸೆಲ್ ಕ್ಯಾಮೆರಾ ಇರುತ್ತದೆ, ಅದನ್ನು ನಂಬಬೇಡಿ. ಮುಖ್ಯ ಕ್ಯಾಮೆರಾದ ಮೇಲೆ ಕ್ಲಿಪ್ ಹಾಕಿ ಕೂರಿಸುವ ಮ್ಯಾಕ್ರೊ ಮಸೂರ ಅದಕ್ಕಿಂತ ಬಹಳ ಒಳ್ಳೆಯದು. ಫೋಕಸನ್ನು ಒಂದು ಕಡೆ ಲಾಕ್ ಮಾಡಿ, ಫೋನನ್ನೇ ಕೂದಲೆಳೆಯಷ್ಟು ಹಿಂದೆ ಮುಂದೆ ಸರಿಸುತ್ತಾ ಹಲವು ಫ್ರೇಮ್ ತೆಗೆಯಿರಿ. ಒಲಿಂಪಸ್ ಟಫ್ ಸರಣಿಯ ಪುಟ್ಟ ಕ್ಯಾಮೆರಾಗಳು ಮಳೆಗೂ ಜಗ್ಗುವುದಿಲ್ಲ, ಅವುಗಳಲ್ಲಿ ಸೂಕ್ಷ್ಮದರ್ಶಕದ ಮೋಡೂ ಇದೆ, ಹಲವು ಫ್ರೇಮ್‌ಗಳನ್ನು ತಾವೇ ಜೋಡಿಸುತ್ತವೆ. ಮಳೆನಾಡಿಗೆ ಇವು ಹೇಳಿ ಮಾಡಿಸಿದಂತಿವೆ.

ಡಿಎಸ್‌ಎಲ್‌ಆರ್ ಅಥವಾ ಮಿರರ್‌ಲೆಸ್ ಇದ್ದವರಿಗೆ 90 ಅಥವಾ 100 ಮಿ.ಮೀ. ಮ್ಯಾಕ್ರೊ ಲೆನ್ಸ್ ನೇರ ದಾರಿ. 1:1 ಹಿಗ್ಗಿನಲ್ಲಿ ಫುಲ್‌ಫ್ರೇಮ್ ಕ್ಯಾಮೆರಾದ ಚೌಕಟ್ಟಿನೊಳಗೆ 36 × 24 ಮಿ.ಮೀ. ಜಾಗ ಬರುತ್ತದೆ. ಸ್ಟೆಮೊನಿಟಿಸ್ ಗೊಂಚಲಿಗೆ ಅದು ಸರಿಹೋಗುತ್ತದೆ. ಎರಡು ಮಿಲಿಮೀಟರಿನ ಕಾಯಿಗೆ ಸಾಲದು, ಇನ್ನೊಂದಿಷ್ಟು ಹಿಗ್ಗು ಬೇಕು. ಲೆನ್ಸ್ ಮುಂದೆ ಕೂರುವ ರೇನಾಕ್ಸ್ ಡಿಸಿಆರ್-250 ಎಂಬ 8 ಡಯಾಪ್ಟರ್ ಮಸೂರ ಹಾಕಿಕೊಳ್ಳಬಹುದು. ಕ್ಯಾಮೆರಾಕ್ಕೂ ಲೆನ್ಸಿಗೂ ನಡುವೆ ಎಕ್ಸ್‌ಟೆನ್ಷನ್ ಟ್ಯೂಬ್ ಸೇರಿಸಬಹುದು. ಟ್ಯೂಬಿನ ಉದ್ದವನ್ನು ಲೆನ್ಸಿನ ಫೋಕಲ್ ಉದ್ದದಿಂದ ಭಾಗಿಸಿದರೆ ಸಿಗುವಷ್ಟು ಹಿಗ್ಗು ಹೆಚ್ಚುತ್ತದೆ. 50 ಮಿ.ಮೀ. ಲೆನ್ಸಿಗೆ 50 ಮಿ.ಮೀ. ಟ್ಯೂಬ್ ಹಾಕಿದರೆ 1:1. ಎಲ್ಲಕ್ಕಿಂತ ಅಗ್ಗದ್ದು ಹಳೆಯ ಕೈಚಾಲಿತ ಲೆನ್ಸನ್ನು ತಿರುಗಿಸಿ ಕೂರಿಸುವ ರಿವರ್ಸ್ ರಿಂಗ್. ವಿದ್ಯಾರ್ಥಿಗಳಿಗೆ ನಾನು ಮೊದಲು ಹೇಳುವುದು ಇದನ್ನೇ.

ಟ್ರೈಪಾಡ್ ಎಷ್ಟೇ ಒಳ್ಳೆಯದಿರಲಿ, ನೆಲಮಟ್ಟಕ್ಕೆ ಇಳಿಯದಿದ್ದರೆ ವ್ಯರ್ಥ. ಮರಳು ತುಂಬಿದ ಗಟ್ಟಿ ಬಟ್ಟೆಯ ಚೀಲವೊಂದನ್ನು ಹೊಲಿದುಕೊಳ್ಳಿ. ಅಕ್ಕಿ, ಹುರುಳಿ ತುಂಬಿದರೆ ಮಳೆಗೆ ನೆನೆದು ಮೊಳಕೆ ಬರುತ್ತದೆ. ಕ್ಯಾಮೆರಾ ಕಾಯಿಯ ಮಟ್ಟದಲ್ಲೇ ಇರಬೇಕು, ಮೇಲಿನಿಂದ ಕೆಳಗೆ ನೋಡಿ ತೆಗೆದರೆ ಕಡ್ಡಿಯೂ ಕಾಣದು, ಎತ್ತರವೂ ತಿಳಿಯದು. ಬಾಗಿ ಕೂತವರ ಬೆನ್ನಿಗೆ ಕೊಡೆಗಿಂತ ಗೊರಬು ಅಥವಾ ಕಂಬಳಿಕೊಪ್ಪೆ ಒಳ್ಳೆಯದು, ಎರಡು ಕೈಯೂ ಬಿಡುವಾಗಿರುತ್ತವೆ.

ಬೆಳಕು ಮತ್ತು ಫೋಕಸ್

ಇಲ್ಲಿ ಸ್ವಲ್ಪ ನಿಧಾನಿಸಬೇಕು, ಫೋಟೊ ಒಳ್ಳೆಯದಾಗುವುದೂ ಕೆಡುವುದೂ ಇಲ್ಲೇ.

ಕಾಯಿಗಳ ಮೇಲ್ಮೈ ಹೆಚ್ಚಾಗಿ ಒದ್ದೆ ಮತ್ತು ನುಣುಪು. ಬರಿಯ ಫ್ಲಾಶ್ ಹೊಡೆದರೆ ಪ್ರತಿಯೊಂದರ ಮೇಲೂ ಸುಟ್ಟ ಬಿಳಿ ಚುಕ್ಕಿ ಕೂರುತ್ತದೆ, ಬಣ್ಣ ಸತ್ತುಹೋಗುತ್ತದೆ. ಮೋಡದ ಬೆಳಕು ಇದ್ದಲ್ಲಿ ಅದನ್ನೇ ನೆಚ್ಚಿ. ಸಾಲದಿದ್ದರೆ ಎರಡು ಸಣ್ಣ ಎಲ್‌ಇಡಿ ದೀಪ ತಂದು, ಎರಡರ ಮುಂದೆಯೂ ಬಟರ್ ಪೇಪರ್ ಅಥವಾ ಟ್ರೇಸಿಂಗ್ ಪೇಪರ್ ಹಿಡಿಯಿರಿ. ಕಾಗದ ದೀಪಕ್ಕಿಂತ ಕಾಯಿಗೆ ಹತ್ತಿರವಿದ್ದಷ್ಟೂ ಬೆಳಕು ಮೆದುವಾಗುತ್ತದೆ. ಮುಖ್ಯ ದೀಪವನ್ನು ಪಕ್ಕದಿಂದ ಅಥವಾ ಸ್ವಲ್ಪ ಹಿಂದಿನಿಂದ ಕೊಡಿ. ಎಳೆಯ ಕಾಯಿಗಳು ಅರೆಪಾರದರ್ಶಕ. ಹಿಂದಿನ ಬೆಳಕು ಅವುಗಳ ಒಳಗಿಂದ ಹಾಯ್ದು ಬಂದಾಗ ಒಳಗಿನ ಬಣ್ಣ ಕಾಣುತ್ತದೆ. ಎದುರಿನಿಂದ ಬಿಳಿ ಥರ್ಮಾಕೋಲ್ ತುಂಡೊಂದು ನೆರಳನ್ನು ತುಂಬಲಿ. ಹಸಿರು ಮಾಡಿನ ಕೆಳಗೆ ತೆಗೆದ ಫೋಟೊಗಳಿಗೆಲ್ಲ ಹಸಿರು ಛಾಯೆ ಹಿಡಿಯುತ್ತದೆ. ಮೊದಲ ಫ್ರೇಮಿನಲ್ಲಿ ಬಿಳಿ ಕಾಗದವೊಂದನ್ನು ಇಟ್ಟು ತೆಗೆದು, ಕಡತವನ್ನು ರಾ ರೂಪದಲ್ಲಿ ಉಳಿಸಿಕೊಂಡರೆ ಆಮೇಲೆ ಸರಿಪಡಿಸಬಹುದು.

ಡಯಾಕಿಯಾ ಲ್ಯೂಕೊಪೋಡಿಯಾ ಎಂಬ ಲೋಳೆಬೂಷ್ಟು ಸಿಕ್ಕರೆ ಮಾತ್ರ ದೀಪದ ಈ ನಿಯಮ ಸಡಿಲಿಸಿ. ದರಕಿನ ಮೇಲೆ, ಗಿಡದ ಕಾಂಡದ ಮೇಲೆ, ಸುಣ್ಣದ ಬಿಳಿಯ ಕಡ್ಡಿ ನೆಟ್ಟು ನಿಲ್ಲುವ ಇದರ ಮೈಬಣ್ಣ ಬಣ್ಣದ್ರವ್ಯದಿಂದ ಬಂದದ್ದಲ್ಲ. ತೀರ ತೆಳುವಾದ ಹೊರಪೊರೆಯಲ್ಲಿ ಬೆಳಕಿನ ಅಲೆಗಳು ಒಂದಕ್ಕೊಂದು ಬೆರೆತು ನೀಲಿ, ನೇರಳೆ, ಹೊಂಬಣ್ಣ ಹುಟ್ಟುತ್ತವೆ. ದೀಪವನ್ನು ಒಂದು ಅಂಗುಲ ಸರಿಸಿದರೆ ಬಣ್ಣವೇ ಬದಲು. ಅಲ್ಲಿ ದೀಪವನ್ನು ನಿಧಾನವಾಗಿ ಸುತ್ತಿಸುತ್ತಾ, ಕ್ಯಾಮೆರಾದಲ್ಲಿ ನೋಡುತ್ತಾ, ಬಣ್ಣ ತುಂಬಿಬಂದ ಕೋನದಲ್ಲಿ ನಿಲ್ಲಿಸಬೇಕು.

ಇನ್ನು ಫೋಕಸ್. 1:1 ಹಿಗ್ಗಿನಲ್ಲಿ, ಎಫ್/8 ಇಟ್ಟರೂ, ಸ್ಪಷ್ಟವಾಗಿ ಬರುವ ಆಳ ಹತ್ತಿರ ಹತ್ತಿರ ಒಂದು ಮಿಲಿಮೀಟರು. 2:1ರಲ್ಲಿ ಎಫ್/5.6 ಇಟ್ಟರೆ ಕಾಲು ಮಿಲಿಮೀಟರು. ಅಪರ್ಚರನ್ನು ಎಫ್/22ಕ್ಕೆ ಇಳಿಸಿದರೆ ಆಳವೇನೋ ಹೆಚ್ಚುತ್ತದೆ, ಆದರೆ ಹಿಗ್ಗು ಹೆಚ್ಚಿದಂತೆ ರಂಧ್ರ ಇನ್ನೂ ಕಿರಿದಾದಂತೆಯೇ ವರ್ತಿಸುತ್ತದೆ. 1:1ರಲ್ಲಿ ಎಫ್/8 ಎಂದರೆ ವಾಸ್ತವದಲ್ಲಿ ಎಫ್/16. ಅದಕ್ಕಿಂತ ಕೆಳಗೆ ಹೋದರೆ ಬೆಳಕಿನ ವಿವರ್ತನೆಯಿಂದ ಇಡೀ ಚಿತ್ರ ಮಸುಕಾಗುತ್ತದೆ. ಹಾಗಾಗಿ ಎಫ್/5.6 ಅಥವಾ ಎಫ್/8ರಲ್ಲೇ ನಿಂತು, ಫೋಕಸನ್ನು ಮುಂದಿನಿಂದ ಹಿಂದಕ್ಕೆ ಸ್ವಲ್ಪ ಸ್ವಲ್ಪ ಸರಿಸುತ್ತಾ ಇಪ್ಪತ್ತು, ಮೂವತ್ತು, ಬೇಕಿದ್ದರೆ ಅರವತ್ತು ಫ್ರೇಮ್ ತೆಗೆದು ಕಂಪ್ಯೂಟರಿನಲ್ಲಿ ಒಂದಾಗಿಸುವುದೇ ದಾರಿ. ಇದಕ್ಕೆ ಫೋಕಸ್ ಸ್ಟ್ಯಾಕಿಂಗ್ ಎನ್ನುತ್ತಾರೆ. ಪ್ರತಿ ಹೆಜ್ಜೆಯೂ ಸ್ಪಷ್ಟ ಆಳದ ಮೂರನೇ ಒಂದು ಭಾಗದಿಂದ ಅರ್ಧದಷ್ಟಿರಲಿ, ನಡುವೆ ಮಸುಕು ಪಟ್ಟಿ ಉಳಿಯುವುದಿಲ್ಲ. ಹೊಸ ಮಿರರ್‌ಲೆಸ್ ಕ್ಯಾಮೆರಾಗಳು ಹಲವು ಇದನ್ನು ತಾವೇ ಮಾಡುತ್ತವೆ. ಇಲ್ಲದವರು ಲೆನ್ಸಿನ ಉಂಗುರವನ್ನು ಕೈಯಿಂದ ತಿರುಗಿಸಬಹುದು, ಹಿಗ್ಗು ಬಹಳವಿದ್ದರೆ ಕ್ಯಾಮೆರಾವನ್ನೇ ಹಿಂದೆ ಮುಂದೆ ಸರಿಸುವ ತಿರುಪಿನ ಹಳಿ ಕೊಳ್ಳಬಹುದು. ಐಎಸ್‌ಒ 100ರಿಂದ 400ರೊಳಗಿರಲಿ, ಶಟರ್ ಅರ್ಧ ಸೆಕೆಂಡಾದರೂ ಚಿಂತೆಯಿಲ್ಲ. ಎರಡು ಸೆಕೆಂಡಿನ ಟೈಮರ್ ಹಾಕಿ, ಗಾಳಿ ಬರುವ ಕಡೆಗೆ ಕೊಡೆ ಅಡ್ಡ ಇಡಿ. ಜೋಡಿಸುವ ಕೆಲಸಕ್ಕೆ ಹೆಲಿಕಾನ್ ಫೋಕಸ್, ಜೆರೀನ್ ಸ್ಟ್ಯಾಕರ್ ಹಣ ಕೊಟ್ಟು ಕೊಳ್ಳುವಂಥವು. ಪಿಕೊಲೇ ಉಚಿತ, ಕಲಿಯಲು ಸಾಕು.

ಹರಿದಾಡುತ್ತಿರುವ ಪ್ಲಾಸ್ಮೋಡಿಯಂ ಮೇಲೆ ಸ್ಟ್ಯಾಕಿಂಗ್ ನಡೆಯುವುದಿಲ್ಲ. ಮೂವತ್ತು ಫ್ರೇಮ್ ಮುಗಿಯುವಷ್ಟರಲ್ಲಿ ಅದರ ಅಂಚು ಸರಿದಿರುತ್ತದೆ. ಅದು ಟೈಮ್‌ಲ್ಯಾಪ್ಸಿಗೆ ಒದಗುವ ಜೀವಿ. ಎರಡು ನಿಮಿಷಕ್ಕೊಂದು ಫ್ರೇಮಿನಂತೆ ಹನ್ನೆರಡು ತಾಸು ತೆಗೆದರೆ 360 ಫ್ರೇಮ್, ಸೆಕೆಂಡಿಗೆ 24ರಂತೆ ಓಡಿಸಿದರೆ 15 ಸೆಕೆಂಡಿನ ಚಿತ್ರ. ಫೋಕಸ್, ಬೆಳಕು, ಬಣ್ಣ ಎಲ್ಲವನ್ನೂ ಕೈಯಿಂದ ನಿಗದಿ ಮಾಡಿ, ಪವರ್ ಬ್ಯಾಂಕ್ ಜೋಡಿಸಿ. ದೀಪ ಮಂದವಾಗಿರಲಿ, ಏಕೆಂದರೆ ಹಳದಿ ಲೋಳೆಗಳು ಜೋರು ಬೆಳಕಿನಿಂದ ದೂರ ಸರಿಯುತ್ತವೆ. ಸ್ಟೆಮೊನಿಟಿಸ್ ಏರುವುದನ್ನು ಹಿಡಿಯುವುದಿದ್ದರೆ ಬಿಳಿ ಗುಪ್ಪೆಯ ಮೇಲೆ ಎರಡು ಸೆಂಟಿಮೀಟರ್ ಜಾಗವನ್ನು ಚೌಕಟ್ಟಿನಲ್ಲಿ ಖಾಲಿ ಬಿಡಿ.

ಯಾರು ಯಾರೆಂದು ತಿಳಿಯುವುದು

ಬೆಳಗಿನ ಹೊತ್ತು ತೊಗಟೆಯಿಲ್ಲದ ಒದ್ದೆ ಮರದ ಮೇಲೆ ಹಾಲುಬಿಳಿಯ, ಅರೆಪಾರದರ್ಶಕ ಸಣ್ಣ ಕಂಬಗಳ ಹರವು ಕಂಡರೆ ಅದು ಸೆರಾಟಿಯೊಮಿಕ್ಸಾ. ಇದರ ಬೀಜಕಗಳು ಒಳಗಿಲ್ಲ, ಕಂಬದ ಹೊರಮೈ ಮೇಲೇ ಇರುತ್ತವೆ. ಬಿಸಿಲೇರಿದರೆ ಬಾಡಿಹೋಗುತ್ತದೆ, ಆದ್ದರಿಂದ ಮೊದಲು ಇದನ್ನೇ ಮುಗಿಸಿ. ಬಟಾಣಿ ಗಾತ್ರದ ಗುಲಾಬಿ ಉಂಡೆಗಳು ಲೈಕೊಗಾಲ. ಎಳೆಯದನ್ನು ಒತ್ತಿದರೆ ಟೂತ್‌ಪೇಸ್ಟಿನಂಥ ಗುಲಾಬಿ ದ್ರವ್ಯ ಬರುತ್ತದೆ. ಒತ್ತಬೇಡಿ, ನಾಳೆಗೆ ಬೂದುಗಂದಾಗುವುದನ್ನು ತೆಗೆಯಬೇಕಲ್ಲ. ಹವಳಗೆಂಪಿನ ಗೊಂಚಲು ಆರ್ಸೀರಿಯಾ. ಬಲಿತಾಗ ಅದರ ಒಳಗಿನ ಎಳೆಗಳ ಬಲೆ ಹಿಗ್ಗಿ ಹೊರಬಂದು, ಬುಡದಲ್ಲಿ ಪುಟ್ಟ ಬಟ್ಟಲು ಮಾತ್ರ ಉಳಿಯುತ್ತದೆ. ಹೊಂಬಣ್ಣದ ಬಲೆಯೇ ಮರದ ಮೇಲೆ ಹರಡಿದಂತಿದ್ದರೆ ಹೆಮಿಟ್ರಿಕಿಯಾ ಸರ್ಪುಲಾ, ಉಷ್ಣವಲಯದಲ್ಲಿ ಸಾಮಾನ್ಯ. ಗೊಬ್ಬರಗುಂಡಿಯ ಮೇಲೆ ಅಂಗೈಯಗಲ ಹಳದಿ ಬುರುಗು ಎದ್ದಿದ್ದರೆ ಫುಲಿಗೊ ಸೆಪ್ಟಿಕಾ. ಅದನ್ನು ಕಂಡು ತೋಟಕ್ಕೆ ರೋಗ ಬಂತೆಂದು ಔಷಧಿ ಹೊಡೆಯುವವರಿದ್ದಾರೆ. ಅದು ಗಿಡಕ್ಕೆ ಕೀಡು ಮಾಡುವುದಿಲ್ಲ, ತಾನಾಗಿ ಒಣಗಿ ಪುಡಿಯಾಗುತ್ತದೆ. ಉಬ್ಬಸ ಇರುವವರು ಮಾತ್ರ ಆ ಪುಡಿಯಿಂದ ದೂರವಿರಲಿ.

ಫೋಟೊ ನೋಡಿ ಜಾತಿಯವರೆಗೆ ಹೆಸರು ಹೇಳುವ ಆತುರ ಬೇಡ. ಎಷ್ಟೋ ಜಾತಿಗಳನ್ನು ಬೇರ್ಪಡಿಸಲು ಬೀಜಕದ ಗಾತ್ರ, ಅದರ ಮೇಲಿನ ಮುಳ್ಳು ಅಥವಾ ಬಲೆ, ಒಳಗಿನ ಎಳೆಯ ವಿನ್ಯಾಸವನ್ನು ಸೂಕ್ಷ್ಮದರ್ಶಕದಲ್ಲೇ ನೋಡಬೇಕು. ನಮ್ಮ ದೇಶದ ಜಾತಿಗಳ ಬಗ್ಗೆ ಕೆ.ಎಸ್. ಥಿಂಡ್ ಅವರ 1977ರ ಗ್ರಂಥ, ಟಿ.ಎನ್. ಲಖನ್‌ಪಾಲ್ ಮತ್ತು ಕೆ.ಜಿ. ಮುಖರ್ಜಿ ಅವರ 1981ರ ಗ್ರಂಥ ಇವೆ. ಕಾಲೇಜು ಗ್ರಂಥಾಲಯಗಳಲ್ಲಿ ವಿಚಾರಿಸಿ. ಕುಲದ ಹೆಸರು ಬರೆದು ನಿಲ್ಲಿಸಿದ ಫೋಟೊ, ತಪ್ಪು ಜಾತಿಯ ಹೆಸರು ಹೊತ್ತ ಫೋಟೊಗಿಂತ ಬೆಲೆಯುಳ್ಳದ್ದು. ಐನ್ಯಾಚುರಲಿಸ್ಟ್ ಅಥವಾ ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗೆ ಏರಿಸುವಾಗ ಎಳೆಯದು, ನಡುಹರೆಯದ್ದು, ಬಲಿತದ್ದು, ಹೀಗೆ ಒಂದೇ ಗೊಂಚಲಿನ ಚಿತ್ರಗಳನ್ನು ಒಟ್ಟಿಗೆ ಹಾಕಿ. ಪಕ್ಕದಲ್ಲಿ ಗ್ರಾಫ್ ಕಾಗದದ ಚೂರು ಇಟ್ಟು ಒಂದು ಫ್ರೇಮ್ ತೆಗೆದಿರಿ. ಮರ ಯಾವುದು, ತೊಗಟೆ ಇತ್ತೇ, ಎಷ್ಟು ಮೆತ್ತಗಿತ್ತು, ಮಳೆ ನಿಂತು ಎಷ್ಟು ದಿನವಾಗಿತ್ತು ಎಂಬುದನ್ನು ಅಲ್ಲೇ ಬರೆದುಕೊಳ್ಳಿ.

ಮಾದರಿಯನ್ನು ಕಿತ್ತು ತರುವ ಆಸೆ ಬರುತ್ತದೆ. ಜಪಾನಿನ ಮಿನಕಾಟ ಕುಮಗುಸು 1929ರಲ್ಲಿ ಚಕ್ರವರ್ತಿ ಹಿರೊಹಿಟೊಗೆ 110 ಲೋಳೆಬೂಷ್ಟು ಮಾದರಿಗಳನ್ನು ಖಾಲಿ ಕ್ಯಾರಮೆಲ್ ಮಿಠಾಯಿ ಡಬ್ಬಿಗಳಲ್ಲಿ ತುಂಬಿ ಒಪ್ಪಿಸಿದ್ದು ಪ್ರಸಿದ್ಧ. ನಿಮ್ಮ ಹಿತ್ತಲಿನದನ್ನು ನೀವೂ ಬೆಂಕಿಪೊಟ್ಟಣದ ತಳಕ್ಕೆ ಅಂಟಿಸಿ ಒಣಗಿಸಿ ವರ್ಷಗಟ್ಟಲೆ ಇಡಬಹುದು. ಸಂರಕ್ಷಿತ ಅರಣ್ಯದೊಳಗಿನ ಒಂದು ಚಕ್ಕೆಯನ್ನೂ ಅನುಮತಿಯಿಲ್ಲದೆ ತರುವಂತಿಲ್ಲ. ತೊಗಟೆ ಸುಲಿಯಬೇಡಿ, ಮಗುಚಿ ನೋಡಿದ ಕೊರಡನ್ನು ಇದ್ದ ಹಾಗೇ ಇಡಿ. ತಣ್ಣಗಿದ್ದ ಮಗ್ಗುಲು ಬಿಸಿಲಿಗೆ ಬಿದ್ದರೆ ಅಲ್ಲಿ ವಾಸವಿದ್ದದ್ದೆಲ್ಲ ಸಾಯುತ್ತದೆ.

ಮೈಮೇಲೆ ಎಚ್ಚರವಿರಲಿ. ಕೊರಡಿನ ಅಡಿಗೆ ಕೈ ಹಾಕುವ ಮೊದಲು ಟಾರ್ಚ್ ಬಿಟ್ಟು ನೋಡಿ, ಕೋಲಿನಿಂದ ತಟ್ಟಿ. ಮಂಡಲದ ಹಾವು, ಚೇಳು ಎರಡೂ ಇಂಥ ಕಡೆಯೇ ಇರುತ್ತವೆ. ಕಾಳಿ ದಂಡೆಯ ದಿಮ್ಮಿಗಳ ಮೇಲಂತೂ ಕೂರಲೇಬೇಡಿ, ದಾಂಡೇಲಿ ಊರಿನ ಪಕ್ಕದಲ್ಲೇ ನದಿಯಲ್ಲಿ ಮೊಸಳೆಗಳಿವೆ. ಉಂಬಳಕ್ಕೆ ಸುಣ್ಣ ತಂಬಾಕಿನ ಬಟ್ಟೆಗಂಟು ಸಾಕು. ನವೆಂಬರ್ ದಾಟಿದ ಮೇಲೆ ಕಾಡಂಚಿಗೆ ಹೋಗುವವರು ಉಣುಗಿಗೆ ಹೆದರಬೇಕು. ಮಂಗನ ಕಾಯಿಲೆ ಹರಡುವುದು ಅವುಗಳಿಂದ, ಆರೋಗ್ಯ ಇಲಾಖೆ ಹಂಚುವ ಡೇಪಾ ತೈಲ ಹಚ್ಚಿಕೊಂಡೇ ಹೊರಡಿ. ಲೆನ್ಸಿಗೂ ಒಂದು ಮಾತು: ಎಸಿ ಕಾರಿನಿಂದ ಇಳಿದ ಕೂಡಲೇ ಅದರ ಗಾಜು ಮಂಜು ಹಿಡಿಯುತ್ತದೆ. ಅರ್ಧ ತಾಸು ಚೀಲದಲ್ಲೇ ಬಿಟ್ಟು ತೆಗೆಯಿರಿ, ಮನೆಗೆ ಬಂದ ಮೇಲೆ ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿಯಲ್ಲಿಡಿ.

ಬೇಸಿಗೆಯಲ್ಲಿ ಡಬ್ಬಿ ಕೃಷಿ

ಮಳೆ ನಿಂತ ಮೇಲೆ ಕೈಕಟ್ಟಿ ಕೂರಬೇಕಿಲ್ಲ. ಎಚ್.ಸಿ. ಗಿಲ್ಬರ್ಟ್ ಮತ್ತು ಜಿ.ಡಬ್ಲ್ಯು. ಮಾರ್ಟಿನ್ 1933ರಲ್ಲಿ ವಿವರಿಸಿದ ವಿಧಾನವನ್ನು ಇಂದಿಗೂ ಜಗತ್ತಿನೆಲ್ಲೆಡೆ ಅನುಸರಿಸುತ್ತಾರೆ. ಬದುಕಿರುವ ಮರದ ಹೊರತೊಗಟೆಯಲ್ಲಿ ಬೀಜಕಗಳು ಒಣಗಿ ಕೂತಿರುತ್ತವೆ, ಅವಕ್ಕೆ ನೀರು ಕೊಟ್ಟು ಎಬ್ಬಿಸುವುದಷ್ಟೇ. ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯ ತಳಕ್ಕೆ ಟಿಶ್ಯೂ ಕಾಗದ ಹಾಸಿ. ಹಿತ್ತಲಿನ ಮರದಿಂದ ತಾನಾಗಿ ಕಳಚುವ ಒಣ ತೊಗಟೆಯ ಚೂರುಗಳನ್ನು ಒಂದರ ಮೇಲೊಂದು ಬೀಳದಂತೆ ಹರಡಿ. ಕುದಿಸಿ ಆರಿಸಿದ ನೀರನ್ನು ತೊಗಟೆ ಮುಳುಗುವಷ್ಟು ಹಾಕಿ ಒಂದು ರಾತ್ರಿ ಬಿಟ್ಟು, ಬೆಳಿಗ್ಗೆ ಹೆಚ್ಚಿನ ನೀರನ್ನು ಬಸಿದುಬಿಡಿ. ಮುಚ್ಚಳ ಸಡಿಲವಾಗಿ ಮುಚ್ಚಿ, ನೇರ ಬಿಸಿಲು ತಾಗದ ಕಿಟಕಿಯ ಬಳಿ ಇಡಿ. ಮೂರನೆಯ ದಿನದಿಂದ ದಿನಕ್ಕೊಮ್ಮೆ ಕೈಮಸೂರದಲ್ಲಿ ಪ್ರತಿ ಚೂರಿನ ಅಂಚು, ಬಿರುಕುಗಳನ್ನು ನೋಡುತ್ತಾ ಬನ್ನಿ. ಕೆಲವು ವಾರದೊಳಗೇ ಬರುತ್ತವೆ, ಕೆಲವು ತಿಂಗಳು ಕಾಯಿಸುತ್ತವೆ. ಇಲ್ಲಿ ಬರುವ ಎಷ್ಟೋ ಜಾತಿಗಳು ಮಿಲಿಮೀಟರಿನ ಹತ್ತನೇ ಒಂದರಷ್ಟು ಮಾತ್ರ, ಕಾಡಿನಲ್ಲಿ ಬರಿಗಣ್ಣಿಗೆ ಸಿಗುವಂಥವೇ ಅಲ್ಲ. ಮೇಜಿನ ಮೇಲೆ ಗಾಳಿಯಿಲ್ಲ, ಮಳೆಯಿಲ್ಲ, ದೀಪ ನಿಮ್ಮ ಕೈಯಲ್ಲಿದೆ. ನೂರು ಫ್ರೇಮಿನ ಸ್ಟ್ಯಾಕನ್ನೂ ನಿಶ್ಚಿಂತೆಯಿಂದ ಮಾಡಬಹುದು.

ಮಾವಿನದೊಂದು, ಹಲಸಿನದೊಂದು, ತೆಂಗಿನದೊಂದು ಎಂದು ಬೇರೆ ಬೇರೆ ಡಬ್ಬಿ ಇಟ್ಟು, ಮೇಲೆ ಮರದ ಹೆಸರು, ತಾರೀಖು ಬರೆಯಿರಿ. ತೊಗಟೆಯ ಆಮ್ಲತೆ ಮರದಿಂದ ಮರಕ್ಕೆ ಬೇರೆ, ಅದಕ್ಕೆ ತಕ್ಕಂತೆ ಬರುವ ಲೋಳೆಬೂಷ್ಟುಗಳೂ ಬೇರೆ.